ಬ್ರೇಕ್ ಮೆತ್ತಗಾಗುತ್ತೆ, ಕಾರು ಅಂಚಿಗೆ ಹೋಗುತ್ತೆ: ಏನು ಮಾಡಲಿ?

ಪ್ರಶ್ನೆ: ಮೊದಲ ಸಲ ನನ್ನ ಹ್ಯಾಚ್‌ಬ್ಯಾಕ್ ಕಾರನ್ನು ಶ್ರೀಪೆರಂಬುದೂರು ಹತ್ತಿರದ ಮದ್ರಾಸ್ ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿದೆ. ಕೆಲವು ಲ್ಯಾಪ್ (ಸುತ್ತು) ಆಗುವಷ್ಟರಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗತೊಡಗಿತು. ತಿರುವು ಮುಗಿಯುವಾಗ ಕಾರು ಹೊರ ಅಂಚಿಗೆ ಜಾರುತ್ತಿತ್ತು. ಒಮ್ಮೆ ಎರಡು ಚಕ್ರ ಮಣ್ಣಿಗೇ ಇಳಿದವು. ದೊಡ್ಡ ಬ್ರೇಕ್ ಡಿಸ್ಕ್, ಅಗಲದ ಟೈರ್ ಹಾಕಿಸು ಅಂತಾರೆ ಗೆಳೆಯರು. ಹಾಕಿಸಲಾ?
– ಓದುಗರು, ಮೈಸೂರು

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿರುವುದು ಎರಡು ತೊಂದರೆ. ಮೂಲ ಬಹುಶಃ ಒಂದೇ. ಬ್ರೇಕನ್ನು ತಡವಾಗಿ ಒತ್ತಿ, ಹೆದರಿಕೆಗೆ ತಿರುವಿನ ಒಳಗೂ ಒತ್ತಿಕೊಂಡೇ ಹೋಗುತ್ತಿದ್ದೀರಿ.

ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ವಿಪರೀತ ಬಿಸಿಯಾಗಿದೆ ಎಂದರ್ಥ. ನಿಮ್ಮದು ಒಳಕ್ಕೆ ಹೋಗಿದೆ, ಅಂದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿಕೊಂಡ ಹಳೆಯದಕ್ಕೆ ಈ ಮಿತಿ 155 ಮಾತ್ರ. ಆ ಟ್ರ್ಯಾಕ್ ಸುಮಾರು 3.7 ಕಿ.ಮೀ., ತಿರುವು 12. ಇಡೀ ಲ್ಯಾಪ್ ಪೆಡಲ್ ಮೇಲೆ ಕಾಲಿದ್ದರೆ ಡಿಸ್ಕ್ ತಣ್ಣಗಾಗುವುದು ಯಾವಾಗ? ವೇಗದ ಲೆಕ್ಕವೂ ಸುಮ್ನೆ ಅಲ್ಲ. ಗಂಟೆಗೆ 100 ಕಿ.ಮೀ. ಬದಲು 120ರಿಂದ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಾಖ ಶೇ 44ರಷ್ಟು ಜಾಸ್ತಿ. ಅದೇ ಆಯಿಲ್‌ನಲ್ಲಿ ಮೈಸೂರಿಗೆ ವಾಪಸ್ ಬಂದಿದ್ದರೆ ಮೊದಲು ಗ್ಯಾರೇಜಿಗೆ ಹೋಗಿ, ಆಯಿಲ್ ಬದಲಿಸಿ ಬ್ರೇಕ್ ಪೈಪಿನ ಏರ್ ತೆಗೆಸಿ. ಪ್ಯಾಡ್ ಎಷ್ಟು ಉಳಿದಿದೆ ಅಂತಲೂ ನೋಡಿಸಿ. ಈಗ ಖರ್ಚು ಮಾಡಬೇಕಾದ್ದು ಇಷ್ಟಕ್ಕೇ.

ಇನ್ನು ತಿರುವು. ಟೈರಿಗಿರುವ ಹಿಡಿತ ಒಂದೇ. ಅದರಲ್ಲೇ ಬ್ರೇಕೂ ಆಗಬೇಕು, ತಿರುಗುವುದೂ ಆಗಬೇಕು. ಎರಡನ್ನೂ ಜೋರಾಗಿ ಒಟ್ಟಿಗೆ ಕೇಳಿದರೆ ಮುಂದಿನ ಚಕ್ರ ಕೈಕೊಡುತ್ತದೆ, ಕಾರು ಹೊರಕ್ಕೆ ಜಾರುತ್ತದೆ. ಆಗ ಸ್ಟೀರಿಂಗ್ ಇನ್ನೂ ತಿರುಗಿಸಿದರೆ ಪ್ರಯೋಜನವಿಲ್ಲ. ಮುಂದಿನ ಸಲ ಈಗ ಒತ್ತುವ ಜಾಗಕ್ಕಿಂತ ಸಾಕಷ್ಟು ಮೊದಲೇ, ಕಾರು ನೇರ ಇರುವಾಗಲೇ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟೀರಿಂಗ್ ತಿರುಗಿಸುತ್ತಾ ಕಾಲನ್ನು ನಿಧಾನಕ್ಕೆ ಸಡಿಲಿಸಿ. ಒಳ ಅಂಚನ್ನು ತಿರುವಿನ ಅರ್ಧ ದಾಟಿದ ಮೇಲೆ ಮುಟ್ಟಿ. ಆಮೇಲೆ ಆಕ್ಸಿಲರೇಟರ್ ಕೊಡಲು ಧೈರ್ಯ ಬರುತ್ತಿಲ್ಲ, ಸ್ಟೀರಿಂಗ್ ಇನ್ನೂ ತಿರುಗಿಸಬೇಕಾಗುತ್ತಿದೆ ಅಂದರೆ ಒಳ ಅಂಚಿಗೆ ಬೇಗ ಹೋಗಿಬಿಟ್ಟಿದ್ದೀರಿ. ಮೊದಮೊದಲು ಎಲ್ಲರೂ ಮಾಡುವುದು ಇದನ್ನೇ.

ಅಗಲದ ಟೈರ್ ಹಾಕಿದರೆ ಇದೇ ತಪ್ಪು ಇನ್ನೂ ಹೆಚ್ಚು ವೇಗದಲ್ಲಿ ಆಗುತ್ತದೆ, ಅಷ್ಟೇ.

ಚಕ್ರ ಮಣ್ಣಿಗೆ ಇಳಿದಾಗ ಸ್ಟೀರಿಂಗ್ ಎಳೆದು ತಕ್ಷಣ ಟ್ರ್ಯಾಕ್‌ಗೆ ಬರಲು ಹೋಗಬೇಡಿ. ಡಾಂಬರಿನಲ್ಲಿ ಹಿಡಿತ ಸಿಕ್ಕ ಕೂಡಲೇ ಕಾರು ಅಡ್ಡಕ್ಕೆ ನುಗ್ಗುತ್ತದೆ, ಹಿಂದೆ ಬೇರೆಯವರು ಬರುತ್ತಿರುತ್ತಾರೆ ಅಲ್ವಾ? ನೇರ ಹೋಗಿ, ವೇಗ ಇಳಿಸಿ, ಹಿಂದೆ ನೋಡಿ ಒಳಬನ್ನಿ.

ಬ್ರೇಕ್ ತಣ್ಣಗಾಗಲು ಕೊನೆಯ ಲ್ಯಾಪನ್ನು ಅದನ್ನು ಮುಟ್ಟದಷ್ಟು ನಿಧಾನಕ್ಕೆ ಮುಗಿಸಿ. ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬ್ರೇಕ್ ಬಿಸಿ ಇರುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.