ಹಾಫ್‌ಟೈಮ್‌ ಹಾಡು: ಎಷ್ಟು ಲೈವ್‌, ಎಷ್ಟು ಟ್ರ್ಯಾಕ್‌?

ಪ್ರಶ್ನೆ: ಅಮೆರಿಕನ್‌ ಫುಟ್‌ಬಾಲ್‌ ಲೀಗ್‌ನ ಫೈನಲ್‌ ಆದ ಸೂಪರ್‌ ಬೌಲ್‌ ಪಂದ್ಯದ ವಿರಾಮದಲ್ಲಿ (ಹಾಫ್‌ಟೈಮ್‌) ನಡೆಯುವ ಸಂಗೀತವನ್ನು ಲೈವ್‌ ಎನ್ನುತ್ತಾರೆ. ಗಿಟಾರಿಗೆ ವೈರೇ ಕಾಣುವುದಿಲ್ಲ. ನೋಡುವವರಿಗೆ ಮಾಡುವ ಮೋಸವಲ್ಲವೇ ಇದು? (ಓದುಗರು, ಮೈಸೂರು)

ಉತ್ತರ: ವೈರ್‌ ಕಾಣದಿದ್ದರೆ ಮೋಸ ಎಂದಾಗದು, ಬೆಲ್ಟಿಗೆ ಸಿಕ್ಕಿಸಿದ ವೈರ್‌ಲೆಸ್‌ ಟ್ರಾನ್ಸ್‌ಮಿಟರ್‌ ಇರಬಹುದು. ಹಾಗೆಂದು ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 2014ರಲ್ಲಿ ಗಾಯಕ ಬ್ರೂನೊ ಮಾರ್ಸ್‌ ಜೊತೆ ವೇದಿಕೆ ಏರಿದ ರೆಡ್‌ ಹಾಟ್‌ ಚಿಲಿ ಪೆಪ್ಪರ್ಸ್‌ ತಂಡದ ಬೇಸ್‌ ವಾದಕ ಫ್ಲೀ ಆಮೇಲೆ ತಾವೇ ಹೇಳಿದರು: ಬೇಸ್‌, ಡ್ರಮ್ಸ್‌, ಗಿಟಾರ್‌ ಎಲ್ಲ ಮೊದಲೇ ಮುದ್ರಿಸಿದ್ದು, ಗಾಯನ ಮಾತ್ರ ಅಲ್ಲೇ ಹಾಡಿದ್ದು. ವಾದ್ಯ ನುಡಿಸಲು ಬಿಡುವುದಿಲ್ಲ ಎಂದು ಸಂಘಟಕರು ಮೊದಲೇ ತಿಳಿಸಿದ್ದರಂತೆ.

ಕಾರಣ ಸಮಯ. ಪಂದ್ಯದ ಮೊದಲಾರ್ಧ ಮುಗಿದ ಮೇಲೆ ವೇದಿಕೆ ಕೂಡಿಸಲು ಸಿಗುವುದು ಆರೇಳು ನಿಮಿಷ, ಹಾಡಿಗೆ 12ರಿಂದ 14 ನಿಮಿಷ, ಆಮೇಲೆ ಬಿಚ್ಚಿ ಸಾಗಿಸಲು ಇನ್ನೊಂದಿಷ್ಟು. ಹುಲ್ಲು ಕಿತ್ತು ಬರಬಾರದೆಂದು ಅಗಲ ಟೈರಿನ ಗಾಡಿಗಳ ಮೇಲೆ ವೇದಿಕೆಯ ತುಂಡುಗಳನ್ನು ನೂರಾರು ಜನ ಕೈಯಿಂದಲೇ ತಳ್ಳಿ ತಂದು ಜೋಡಿಸುತ್ತಾರೆ. ಡ್ರಮ್ಸ್‌ ಒಂದಕ್ಕೇ ಹತ್ತು ಹನ್ನೆರಡು ಮೈಕ್‌ ಬೇಕು. ನಮ್ಮೂರ ಆರ್ಕೆಸ್ಟ್ರಾದವರೇ ‘ಹಲೋ ಮೈಕ್‌ ಟೆಸ್ಟಿಂಗ್‌’ ಎನ್ನುತ್ತಾ ಅರ್ಧ ಗಂಟೆ ತೆಗೆದುಕೊಳ್ಳುತ್ತಾರೆ; ಇಲ್ಲಿ ಗಾಡಿಯ ಮೇಲೆ ಕುಲುಕಿಕೊಂಡು ಬಂದ ಒಂದು ಕನೆಕ್ಟರ್‌ ಸಡಿಲವಾದರೂ ಹುಡುಕಿ ಸರಿಮಾಡಲು ಪುರುಸೊತ್ತಿಲ್ಲ. ಅದಕ್ಕೇ ವಾದ್ಯಗಳು ಟ್ರ್ಯಾಕ್‌ನಲ್ಲಿ, ಅಂದರೆ ಮೊದಲೇ ಮುದ್ರಿಸಿಟ್ಟ ಧ್ವನಿಯಲ್ಲಿ. ಒಂದು ಯಂತ್ರ ನಿಂತರೆ ಎಂದು ಅದೇ ಟ್ರ್ಯಾಕ್‌ ಇನ್ನೊಂದರಲ್ಲೂ ಜೊತೆಜೊತೆಗೇ ಓಡುತ್ತಿರುತ್ತದೆ. ಬೆಳಕು, ಪಟಾಕಿಗಳಿಗೆ ಸೂಚನೆ ಹೋಗುವುದೂ ಈ ಟ್ರ್ಯಾಕ್‌ನ ಟೈಮ್‌ಕೋಡ್‌ನಿಂದ, ಅಂದರೆ ಅದರ ಜೊತೆ ಓಡುವ ಸಮಯದ ಗುರುತಿನಿಂದ.

ಇನ್ನೊಂದು ತೊಡಕು ಮೈದಾನದ ಉದ್ದ. ಒಂದು ತುದಿಯಿಂದ ಇನ್ನೊಂದು ತುದಿಗೆ 120 ಗಜ, ಸುಮಾರು 110 ಮೀಟರ್‌. ಸೆಕೆಂಡಿಗೆ 343 ಮೀಟರ್‌ ಸಾಗುವ ಶಬ್ದಕ್ಕೆ ಇದನ್ನು ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ನಿಮಿಷಕ್ಕೆ 120 ಬೀಟ್‌ನ ಹಾಡಿನಲ್ಲಿ ಅದು ಅರ್ಧ ಬೀಟಿಗೂ ಹೆಚ್ಚು. ಕ್ರೀಡಾಂಗಣದ ಸ್ಪೀಕರ್‌ ನಂಬಿ ಹಾಡಿದರೆ ತಾಳ ತಪ್ಪುವುದು ಖಂಡಿತ. ಹಾಗಾಗಿ ಗಾಯಕರು ಕಿವಿಯೊಳಗಿನ ಮಾನಿಟರ್‌ (ಪುಟ್ಟ ಇಯರ್‌ಫೋನ್‌) ಕೇಳಿಕೊಂಡೇ ಹಾಡಬೇಕು. 1967ರ ಮೊದಲ ಪಂದ್ಯದಲ್ಲಿ ನುಡಿಸಿದ್ದು ಕಾಲೇಜುಗಳ ಮಾರ್ಚಿಂಗ್‌ ಬ್ಯಾಂಡ್‌ಗಳು. ಅಂಥ ಬ್ಯಾಂಡಿನವರು ದೂರದ ಸದ್ದನ್ನು ನಂಬದೆ ನಾಯಕನ ಕೈ ನೋಡಿ ನುಡಿಸುವುದೂ ಇದಕ್ಕೇ.

ಗಾಯನ ನಿಜವೋ ಎಂದು ತಿಳಿಯಲು ಮೈಕ್‌ ಹಿಡಿದ ಕೈ ನೋಡಿ. ಮೈಕ್‌ ಬಾಯಿಂದ ಒಂದು ಗೇಣು ದೂರ ಹೋದರೂ ಧ್ವನಿ ಇಳಿಯದಿದ್ದರೆ ಅದು ಟ್ರ್ಯಾಕ್‌. ಸಾಲಿನ ಕೊನೆಯಲ್ಲಿ ಏದುಸಿರು, ‘ಪ’ಕಾರಕ್ಕೆ ‘ಧಪ್‌’ ಸದ್ದು ಕೇಳಿದರೆ ಅದು ಅಲ್ಲೇ ಹಾಡಿದ್ದು. ಹೆಚ್ಚಿನ ವೇಳೆ ಎರಡೂ ಬೆರೆತಿರುತ್ತವೆ: ಕುಣಿತದ ಭಾಗದಲ್ಲಿ ಮಿಕ್ಸರ್‌ ಮುಂದೆ ಕುಳಿತವರು ಟ್ರ್ಯಾಕ್‌ನ ಗಾಯನವನ್ನು ತುಸು ಏರಿಸುತ್ತಾರೆ. ವಾದ್ಯಕ್ಕೆ ಟ್ರ್ಯಾಕ್‌ ಒಪ್ಪಬಹುದು, ಮುಖ್ಯ ಗಾಯನಕ್ಕೆ ಬೇಡ ಎಂಬುದು ನಮ್ಮ ನಿಲುವು. ಆದರೆ 1991ರಲ್ಲಿ ಟ್ಯಾಂಪಾದ ಸೂಪರ್‌ ಬೌಲ್‌ನಲ್ಲಿ ಗಾಯಕಿ ವಿಟ್ನಿ ಹ್ಯೂಸ್ಟನ್‌ ಹಾಡಿದ, ಇಂದಿಗೂ ಮಾದರಿಯೆನಿಸಿರುವ ರಾಷ್ಟ್ರಗೀತೆಯಲ್ಲಿ ಜನ ಕೇಳಿದ್ದು ಮುದ್ರಿಸಿಟ್ಟ ಗಾಯನವನ್ನೇ! ಅದನ್ನು ಕೇಳಿದಾಗ ನಮ್ಮ ನಿಲುವೂ ಸ್ವಲ್ಪ ಅಲ್ಲಾಡುತ್ತದೆ.

ಪ್ರಶ್ನೆ: ಸೋಮವಾರ ಬೆಳಿಗ್ಗೆ ಬೇಗ ಎದ್ದು ನೋಡಿದೆ. ತುಟಿ ಮೊದಲು ಆಡುತ್ತದೆ, ಧ್ವನಿ ಆಮೇಲೆ ಬರುತ್ತದೆ. ಇದು ಲಿಪ್‌ಸಿಂಕ್‌ ತಾನೇ? (ಓದುಗರು, ದಾವಣಗೆರೆ)

ಉತ್ತರ: ಮೊದಲು ವೀಕ್ಷಕ ವಿವರಣೆಗಾರರ ತುಟಿ ನೋಡಿ. ಅಲ್ಲೂ ಹಾಗೇ ಇದ್ದರೆ ತೊಂದರೆ ಹೆಚ್ಚಾಗಿ ನಿಮ್ಮ ಮನೆಯದೇ. ಬ್ಲೂಟೂತ್‌ ಸ್ಪೀಕರ್‌ ಹಾಕಿದ್ದರೆ ಧ್ವನಿ 100–200 ಮಿಲಿಸೆಕೆಂಡ್‌ ತಡವಾಗುವುದು ಮಾಮೂಲು. ಟಿವಿಯ ‘ಆಡಿಯೊ ಡಿಲೇ’ ಧ್ವನಿಯನ್ನು ಇನ್ನಷ್ಟು ಹಿಂದೆ ತಳ್ಳುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ. ಅದನ್ನು ಸೊನ್ನೆಗೆ ಇಟ್ಟು, ಸೌಂಡ್‌ಬಾರನ್ನು ಟಿವಿಯ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಪೋರ್ಟಿಗೆ ಕೇಬಲ್‌ನಿಂದ ಜೋಡಿಸಿ. ಧ್ವನಿಯೇ ಮೊದಲು ಬರುತ್ತಿದ್ದರೆ ಮಾತ್ರ ಡಿಲೇ ಹೆಚ್ಚಿಸಿ. ವಾದ್ಯ ಅಬ್ಬರಿಸಿ ಗಾಯನ ಹಿಂದೆ ಸರಿದಂತೆ ಕೇಳಿದರೆ, 5.1 (ಸರೌಂಡ್‌) ಧ್ವನಿಯ, ಗಾಯನ ಬರುವ ಮಧ್ಯದ ಚಾನೆಲ್‌ ಕಳೆದುಹೋಗುತ್ತಿರಬಹುದು. ಆಡಿಯೊ ಔಟ್‌ಪುಟ್ಟನ್ನು ಪಿಸಿಎಂ ಅಥವಾ ಸ್ಟೀರಿಯೊಗೆ ಬದಲಿಸಿ ನೋಡಿ.

ಪ್ರಶ್ನೆ: ಗಾಯಕರಿಗೆ ಕೋಟಿಗಟ್ಟಲೆ ಸಂಭಾವನೆ ಸಿಗುತ್ತದೆಯೇ? (ಓದುಗರು, ಶಿರಸಿ)

ಉತ್ತರ: ಇಲ್ಲ. ನಿರ್ಮಾಣದ ವೆಚ್ಚ ಪಂದ್ಯ ನಡೆಸುವ ಲೀಗ್‌ ಎನ್‌ಎಫ್‌ಎಲ್‌ ಮತ್ತು ಪ್ರಾಯೋಜಕರದು; ಕಲಾವಿದರಿಗೆ ಅವರ ಕಾರ್ಮಿಕ ಸಂಘದ ಕನಿಷ್ಠ ದರವಷ್ಟೇ. 2021ರಲ್ಲಿ ಗಾಯಕ ದಿ ವೀಕೆಂಡ್‌ ತಮ್ಮ ಕೈಯಿಂದಲೇ 70 ಲಕ್ಷ ಡಾಲರ್‌ ಹಾಕಿದ್ದಾಗಿ ಸುದ್ದಿಯಾಗಿತ್ತು. ಲಾಭ ಆಮೇಲಿನ ಪ್ರವಾಸದ ಟಿಕೆಟ್‌ಗಳಲ್ಲಿ ಬರುತ್ತದೆ.

ಪ್ರಶ್ನೆ: ನಾವು ನೋಡುವ ಫುಟ್‌ಬಾಲ್‌ಗೂ ಈ ಚಾಳಿ ಬಂತಲ್ಲ. ಬೇಕಿತ್ತೇ? (ಓದುಗರು, ಮಂಗಳೂರು)

ಉತ್ತರ: ಬೇಕಿರಲಿಲ್ಲ. ಆಟದ 7ನೇ ನಿಯಮದ ಪ್ರಕಾರ ವಿರಾಮ 15 ನಿಮಿಷ ಮೀರಬಾರದು. 2024ರಲ್ಲಿ ದಕ್ಷಿಣ ಅಮೆರಿಕದ ಕೋಪಾ ಅಮೆರಿಕಾ ಟೂರ್ನಿಯ ಫೈನಲ್‌ನಲ್ಲಿ ಶಕೀರಾ ಹಾಡಿಗೆಂದು ವಿರಾಮವನ್ನು 25 ನಿಮಿಷಕ್ಕೆ ಎಳೆದರು. ಕೊಲಂಬಿಯಾ ಕೋಚ್‌ ನೆಸ್ಟರ್‌ ಲೊರೆಂಜೊ ಅದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು. ಆ ಫೈನಲ್‌ ನಡೆದದ್ದು 2007ರ ಸೂಪರ್‌ ಬೌಲ್‌ ವಿರಾಮದಲ್ಲಿ ಸುರಿಯುವ ಮಳೆಯಲ್ಲಿ ಗಾಯಕ ಪ್ರಿನ್ಸ್‌ ಗಿಟಾರ್‌ ನುಡಿಸಿದ ಮಯಾಮಿಯ ಅದೇ ಮೈದಾನದಲ್ಲಿ. ಸೂಪರ್‌ ಬೌಲ್‌ನ ಹಾಡುಗಳಲ್ಲಿ ನಮ್ಮ ಮೊದಲ ಆಯ್ಕೆ ಇಂದಿಗೂ ಆ ಮಳೆಯ ರಾತ್ರಿಯದೇ.

ಅಮೆರಿಕನ್‌ ಫುಟ್‌ಬಾಲ್‌ನಲ್ಲಿ ಆಟ ಕೆಲ ಸೆಕೆಂಡಿಗೊಮ್ಮೆ ನಿಲ್ಲುತ್ತದೆ, ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು. ನಮ್ಮ ಫುಟ್‌ಬಾಲ್‌ನಲ್ಲಿ ಅದೇ 11 ಜನ 45 ನಿಮಿಷ ಎಡೆಬಿಡದೆ ಓಡಬೇಕು. ಕುಳಿತಷ್ಟೂ ಸ್ನಾಯು ತಣಿಯುತ್ತದೆ, ಮೊದಲ ಓಟಗಳ ವೇಗ ತಗ್ಗುತ್ತದೆ. ವಿರಾಮ ಉದ್ದವಾದರೆ ಕೊನೆಯ ಐದಾರು ನಿಮಿಷ ಮತ್ತೆ ಮೈ ಬಿಸಿ ಮಾಡಿಕೊಳ್ಳಲು ಜಾಗ ಬೇಕು, ಮೈದಾನದಲ್ಲಿ ಆಗ ವೇದಿಕೆ ಬಿಚ್ಚುತ್ತಿರುತ್ತಾರೆ. ಯುರೋಪಿನ ಚಾಂಪಿಯನ್ಸ್‌ ಲೀಗ್‌ ಫೈನಲ್‌ನಲ್ಲಿ ಪಂದ್ಯಕ್ಕೆ ಮೊದಲೇ ಹಾಡು ಮುಗಿಸುವ ರೂಢಿಯಿದೆ. ಹಾಡು ಬೇಕೇ ಬೇಕೆಂದರೆ ಅದೇ ಸರಿಯಾದ ಹೊತ್ತು.