ಕಾಣದ ಹುಳಾನ ಮಗೂಗ ಹೆಂಗ ತೋರಸೂದು?

ಅಕ್ಕಾರ, ನಿಮ್ಮ ನಾಕು ವರ್ಷದ ಮಗ ಸಾಬೂನು ಹಚ್ಚಿ ಕೈ ತೊಳಿ ಅಂದ್ರ ಬರೇ ನೀರು ಮುಟ್ಟಿಸಿ ಓಡತಾನ, ‘ಹುಳಾ ಎಲ್ಲಿ ಅದಾವ, ತೋರ್ಸು’ ಅಂತಾನ ಅಂತ ಬರದೀರಿ. ಅವನು ಕೇಳೂದು ಖರೇನ ಐತಿ ಬಿಡ್ರಿ, ಕಾಣದ್ದನ್ನ ಯಾಕ ನಂಬಬೇಕು?

ನಾವು ಬಾಗಲಕೋಟ್ಯಾಗ ನಮ್ಮ ಮಗಳಿಗೆ ಮಾಡಿದ್ದು ಹೇಳ್ತೀನಿ. ಅಂಗೈಗೆ ಎರಡು ಹನಿ ಕುಸುಬಿ ಎಣ್ಣಿ, ಮ್ಯಾಲ ಚಿಟಿಕಿ ಅರಿಷಿಣ ಹಚ್ಚಿ, ಮೊದಲ ಬರೇ ನೀರಾಗ ತೊಳಿ ಅಂದ್ವಿ. ನೀರು ಜಾರಿ ಹೋತು, ಹಳದಿ ಅಲ್ಲೇ ಕುಂತಿತ್ತು. ಆಮ್ಯಾಲ ಸಾಬೂನು ಹಚ್ಚಿ ತಿಕ್ಕಿದ್ರ ಕೈ ಕೆಂಪಾತು! ಸಾಬೂನಿನ ಕ್ಷಾರ ತಾಗಿದ್ರ ಅರಿಷಿಣ ಹಂಗ ಆಗ್ತೈತಿ. ಆಕಿ ಮಾತ್ರ ‘ಹುಳಾ ಸತ್ತೂ’ ಅಂತ ಕುಣದ್ಲು. ನಾ ತಿದ್ದಲಿಲ್ಲ. ತೊಳದ ಮ್ಯಾಲೂ ಉಗುರಸಂದ್ಯಾಗ, ಹೆಬ್ಬೆರಳ ಬುಡದಾಗ ಬಣ್ಣ ಉಳದಿತ್ತು. ರೋಗಾಣು ಅಡಗೂದೂ ಅಲ್ಲೇ ಅಂತ ಅದನ್ನ ತೋರಿಸಿದೆ.

ಈಗ ಒಂದರಿಂದ 20ರ ತನಕ ಎಣಿಸಿ ತಿಕ್ಕತಾಳ. 13 ಆದ ಮ್ಯಾಲ ಸೀದಾ 17ಕ್ಕ ಜಿಗೀತಾಳ, ಅದು ಬ್ಯಾರೆ ಮಾತು.

ನಿಮ್ದು ಬೋರಿನ ಸವಳ ನೀರಿದ್ರ ನೊರಿ ಬರೂದಿಲ್ಲ, ಜರಾ ಹೆಚ್ಚು ತಿಕ್ಕಸ್ರಿ. ರೊಟ್ಟಿ ಮುಟ್ಟೂಕಿಂತ ಮೊದಲ, ಸಂಡಾಸಕ್ಕ ಹೋಗಿ ಬಂದ ಮ್ಯಾಲ, ಇವೆರಡು ಹೊತ್ತು ತಪ್ಪಸಬ್ಯಾಡ್ರಿ. ಸ್ಯಾನಿಟೈಸರ್ ಮಣ್ಣು ಮೆತ್ತಿದ ಕೈಗೆ ನಡಿಯಂಗಿಲ್ಲ.

‘ಹುಳಾ ಹೊಟ್ಟಿ ತಿಂತಾವ’ ಅಂತ ಮಾತ್ರ ಅಂಜಿಸಬ್ಯಾಡ್ರಿ. ನಾ ಒಮ್ಮೆ ಹಂಗಂದಿದ್ದಕ್ಕ ಆಕಿ ಎರಡು ದಿನ ಮೊಸರು ಮುಟ್ಟಲಿಲ್ಲ. ಮತ್ತ ತೊಳದ ಕೈನ ಒಲಿಮುಂದಿನ ಸೆರಗಿಗೆ ಒರಸಬ್ಯಾಡ್ರಿ, ನಮ್ಮ ಅತ್ತಿಯಾರು ಇನ್ನೂ ಅದನ್ನ ಮಾಡ್ತಾರ.