ಆಣೆ ಮುರಿದ ಹೊಸತೊಡಕು

ಮಂಡ್ಯ ಸೀಮೆಯ ಕಬ್ಬು ಬೆಳೆಗಾರ, ವಯಸ್ಸು ನಲವತ್ತರ ಆಚೀಚೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) 2024ರ ಏಪ್ರಿಲ್ ಕೊನೆಯಲ್ಲಿ ಹೆಂಡತಿಯ ಜೊತೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು. ಆಕೆ ಕುರ್ಚಿಯಲ್ಲಿ ಕೂತರು. ಇವರು ಬಾಗಿಲ ಹತ್ತಿರವೇ ನಿಂತು, ಕತ್ತಿನ ರುದ್ರಾಕ್ಷಿಯನ್ನು ಅಂಗಿಯೊಳಕ್ಕೆ ತಳ್ಳಿಕೊಂಡರು.

"ಆಣೆ ಮುರಿದೋನು ನಾನು. ಮಾದಪ್ಪ ಇನ್ನು ನನ್ ಮಖ ನೋಡ್ತಾನಾ ಮೇಡಂ?"

ಹನ್ನೊಂದು ವರ್ಷದ ಕುಡಿತ, ಈಚೆಗೆ ದಿನಕ್ಕೆ ಎರಡು ಕ್ವಾರ್ಟರ್. ಏಪ್ರಿಲ್ 9, ಕ್ರೋಧಿ ಸಂವತ್ಸರದ ಯುಗಾದಿ. ಎಣ್ಣೆಸ್ನಾನ ಮುಗಿಸಿ, ಬೇವು-ಬೆಲ್ಲ ಬಾಯಿಗಿಟ್ಟು, ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಪಟದ ಮುಂದೆ ಮಗಳ ತಲೆ ಮುಟ್ಟಿ "ಇನ್ನು ಮುಟ್ಟಲ್ಲ" ಅಂದಿದ್ದರು. ಮಾರನೆ ದಿನ ಹೊಸತೊಡಕು, ಯುಗಾದಿಯ ಬಾಡೂಟದ ದಿನ. ಬೆಳಗ್ಗೆ ಎದ್ದರೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಕ, ಮೈಯೆಲ್ಲ ಬೆವರು. ಊರವರು ಕೂಡಿ ಹಂಚಿಕೊಳ್ಳುವ ಗುಡ್ಡೆ ಬಾಡಿನ (ಮಾಂಸದ) ಪಾಲು ತರಲು ಹೋದಲ್ಲಿ ಗೆಳೆಯರು ಲೋಟ ಚಾಚಿದರು. ಕುಡಿದರು, ನಡುಕ ನಿಂತಿತು. ವಾರದೊಳಗೆ ಮಗಳಿಗೆ ಜ್ವರ. ತನ್ನ ಆಣೆಯೇ ಮಗುವಿಗೆ ತಟ್ಟಿತೆಂಬ ಸಂಕಟಕ್ಕೆ ಇನ್ನಷ್ಟು ಕುಡಿದರು. ದೇವರ ಮನೆಗೆ ಕಾಲಿಡುವುದನ್ನೇ ಬಿಟ್ಟರು.

ನಾನು ಮೊದಲು ಮಾತಾಡಿದ್ದು ಆ ನಡುಕದ ಬಗ್ಗೆ. ವರ್ಷಗಟ್ಟಲೆ ದಿನವೂ ಕುಡಿದ ಮೈಗೆ ಮದ್ಯ ದಿಢೀರನೆ ತಪ್ಪಿದರೆ ಮೊದಲ ದಿನವೇ ನಡುಕ, ಬೆವರು ಶುರುವಾಗುತ್ತವೆ. ಕೆಲವರಿಗೆ 48 ಗಂಟೆಯೊಳಗೆ ಫಿಟ್ಸ್, ಆಮೇಲೆ ಭ್ರಮೆ, ಪ್ರಾಣಕ್ಕೂ ಅಪಾಯ. ಅದು ಮಾದಪ್ಪನ ಮುನಿಸಲ್ಲ, ನಿಮ್ಮ ಭಕ್ತಿ ಸಾಲದೆ ಆದದ್ದೂ ಅಲ್ಲ ಅಂದೆ. ಮಗುವಿನ ಜ್ವರಕ್ಕೂ ಆಣೆಗೂ ನಂಟಿಲ್ಲ ಅಂದಾಗ ಇಬ್ಬರೂ ಅತ್ತರು. ಆಣೆ ಹಾಕಿಸಿದ್ದು ಆಕೆಯೇ.

ಭಕ್ತಿಯನ್ನು ಪಕ್ಕಕ್ಕಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಈ ಮನುಷ್ಯನಿಗೆ ಉಳಿದಿದ್ದ ಆಸರೆ ಅದೊಂದೇ, ಅದನ್ನೇ ಶಿಕ್ಷೆ ಮಾಡಿಕೊಂಡಿದ್ದರು. ಮನೋವೈದ್ಯರ ಬಳಿಗೆ ಕಳಿಸಿದೆ. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ನಡುಕ ತಗ್ಗಿಸುವ ಮಾತ್ರೆ, ಬಿ1 ವಿಟಮಿನ್ ತೆಗೆದುಕೊಂಡು ಬಂದರು. ಆಮೇಲೆ ಹರಕೆಯ ಮಾತು. ಇಡೀ ವರ್ಷದ ಹೊರೆ ಹೊರಬೇಡಿ, ಬೆಳಗ್ಗೆ ದೀಪ ಹಚ್ಚುವಾಗ "ಇವತ್ತೊಂದು ದಿನ ನಡೆಸು" ಅಂತ ಕೇಳಿಕೊಳ್ಳಿ; ಜಾರಿದ ಮಾರನೆ ದಿನವಂತೂ ದೀಪ ತಪ್ಪಿಸಲೇಬೇಡಿ ಅಂದೆ. ರಾತ್ರಿ ಆಸೆ ತಡೆಯಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದು ಬರೆದುಕೊಟ್ಟೆ. ಆಕೆಗೆ ಹೇಳಿದ್ದು ಒಂದೇ: ಮಗುವಿನ ತಲೆ ಮುಟ್ಟಿಸಿ ಆಣೆ ಇನ್ನು ಬೇಡ, ಆ ಮಗು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತದೆ.

ಗೌರಿ ಹಬ್ಬದ ಹೊತ್ತಿಗೆ ಒಮ್ಮೆ ಜಾರಿದರು. ಮಾರನೆ ಬೆಳಗ್ಗೆ ದೀಪ ಹಚ್ಚಿಯೇ ಫೋನ್ ಮಾಡಿದರು.

2025ರ ಯುಗಾದಿ ಮಾರ್ಚ್ 30, ಭಾನುವಾರ. ಮಾರನೆ ದಿನ ಸೋಮವಾರ, ಮಾದಪ್ಪನ ವಾರ, ಅವರ ಮನೆಯಲ್ಲಿ ಬಾಡು ಬೇಯುವುದಿಲ್ಲ. ಹೊಸತೊಡಕು ಮಂಗಳವಾರಕ್ಕೆ ಹೋಯಿತು. ಪಾಲು ತರುವ ಕೆಲಸ ಈ ಸಲ ಭಾಮೈದನದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅಂದು ಹನ್ನೊಂದು ಗಂಟೆಗೆ ಫೋನ್ ಬಂತು.

"ಭಾಮೈದ ಬಾಡು ತಂದ ಮೇಡಂ. ಈರುಳ್ಳಿ ನಾನೇ ಹೆಚ್ತಾ ಇವ್ನಿ."